ರಸ್ತೆಯ ಹೊಟ್ಟೆ ಅಳೆಯುವ ತೂತಣ್ಣ

ಬೆಳಗಿನ ಐದೂವರೆ. ಹೊಸ ಕಾಂಕ್ರೀಟ್ ರಸ್ತೆಯ ನಡುವೆ ಕುಕ್ಕರುಗಾಲಲ್ಲಿ ಕೂತು ಒಬ್ಬರು ಯಂತ್ರದ ಹಿಡಿ ತಿರುಗಿಸುತ್ತಿದ್ದಾರೆ. ಉಕ್ಕಿನ ಕೊಳವೆ ಕಿರುಚುತ್ತ ಕೆಳಗಿಳಿಯುತ್ತದೆ, ಬೂದು ರಾಡಿ ಪ್ಯಾಂಟಿಗೆ ಸಿಡಿಯುತ್ತದೆ. ಸುತ್ತ ಗುತ್ತಿಗೆದಾರನ ಎಂಟು ಜನ ಕೈಕಟ್ಟಿ ನಿಂತಿದ್ದಾರೆ.

ಈ ರಸ್ತೆ ಆಗುತ್ತಿರುವುದು ಹಲವು ದೇಶಗಳು ಸೇರಿ ಕಟ್ಟಿದ ಅಭಿವೃದ್ಧಿ ಬ್ಯಾಂಕೊಂದರ ಸಾಲದಲ್ಲಿ. ಅದರ ಹೆಸರಲ್ಲಿ ಭಾಷಣ ಬಿಗಿದವರೆಷ್ಟೋ, ಫೋಟೊ ತೆಗೆಸಿಕೊಂಡವರೆಷ್ಟೋ. ತೀರಿಸಬೇಕಾದವರು ಮಾತ್ರ ನಾವು. ಆ ದುಡ್ಡು ರಸ್ತೆಗೆ ಇಳಿದಿದೆಯೋ, ಯಾರದೋ ಜೇಬಿಗೆ ಇಳಿದಿದೆಯೋ ಎಂದು ಕೊರೆದು ನೋಡುವವರು ಇವರೊಬ್ಬರು. ಬ್ಯಾಂಕಿನ ಎಂಜಿನಿಯರ್ ಗುರುತು ಹಾಕಿದಲ್ಲಿ ತೂತು ಕೊರೆದು, ಲೋಟದಗಲದ ಕಾಂಕ್ರೀಟ್ ತುಂಡು ಎತ್ತಿ ಅಳೆಯುತ್ತಾರೆ. ಇಪ್ಪತ್ತು ಸೆಂಟಿಮೀಟರ್ ದಪ್ಪ ಇದ್ದರೆ ಸಾಲದ ಮುಂದಿನ ಕಂತು, ಇಲ್ಲದಿದ್ದರೆ ಇಲ್ಲ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಹದಿನಾಲ್ಕು ತೂತು. ಬಲಗಿವಿ ಮಂದವಾಗಿದೆ. ಕೆಲಸಗಾರರು ಇಟ್ಟ ಹೆಸರು ತೂತಣ್ಣ.

ಇವತ್ತು ಸಂಕಟ ಬೇರೆ ಇದೆ. ಗುಂಪಿನಲ್ಲಿ ನಿಂತವನೊಬ್ಬ ಸ್ವಂತ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ಎರಡು ವರ್ಷ ಅಲೆದಲೆದು ಈ ಕೆಲಸ ಹಿಡಿದವನು.

ತುಂಡು ಮೇಲೆ ಬರುತ್ತದೆ. ತೂತಣ್ಣ ನಾಲ್ಕು ಕಡೆ ಅಳತೆಪಟ್ಟಿ ಹಿಡಿಯುತ್ತಾರೆ. ಹದಿನಾರು.

ಮೇಸ್ತ್ರಿ ಗಂಟಲು ಸರಿಮಾಡಿಕೊಳ್ಳುತ್ತಾನೆ. "ಅಣ್ಣ, ಜೀಪಲ್ಲಿ ಒಳ್ಳೇ ತುಂಡೊಂದಿದೆ, ಸರಿಯಾಗಿ ಇಪ್ಪತ್ತು. ಅದನ್ನೇ ಬ್ಯಾಂಕಿಗೆ ಕಳ್ಸೋ ಪೆಟ್ಟಿಗೆಗೆ ಹಾಕ್ಕೊಳ್ಳಿ. ನಿಮ್ಮ ಗಂಟೇನು ಹೋಗುತ್ತೆ?"

ಗೋಣಿಯಲ್ಲಿ ಸುತ್ತಿದ ತುಂಡನ್ನು ಬಾಮೈದನ ಕೈಯಲ್ಲೇ ತರಿಸುತ್ತಾನೆ. ಲೆಕ್ಕಾಚಾರದ ಆಸಾಮಿ.

"ಭಾವ, ಕಂತು ನಿಂತ್ರೆ ಮೊದಲು ಮನೆಗೆ ಕಳ್ಸೋದು ನನ್ನನ್ನೇ," ಬಾಮೈದ ತಲೆಯೆತ್ತುವುದಿಲ್ಲ. "ಅಕ್ಕಂಗೆ ಏನ್ ಹೇಳ್ತೀರ?"

ತೂತಣ್ಣ ಆ ತುಂಡನ್ನು ಇಸಿದುಕೊಂಡು ತೂತಿಗೆ ಇಳಿಸುತ್ತಾರೆ. ಎರಡು ಬೆರಳಷ್ಟು ಮೇಲೇ ನಿಲ್ಲುತ್ತದೆ.

"ಕೆಳಗಡೆ ಮಣ್ಣು ಕೆರೆದ್ರೆ ಕೂರುತ್ತೆ," ಮೇಸ್ತ್ರಿ.

"ಕೂರುತ್ತೆ. ಜಲ್ಲಿ ಏನ್ಮಾಡ್ತೀಯ? ಕೊರೆದಾಗ ಒಂದೊಂದು ಕಲ್ಲೂ ಎರಡು ಹೋಳಾಗುತ್ತೆ. ಅರ್ಧ ತುಂಡಲ್ಲಿ, ಅರ್ಧ ರಸ್ತೇಲಿ. ಈ ಕರೀ ಕಲ್ಲಿನ ಇನ್ನರ್ಧ ತೂತಲ್ಲಿ ಎಲ್ಲಿದೆ, ತೋರ್ಸು."

"ಎಂಜಿನಿಯರು ಬಗ್ಗಿ ಅದೆಲ್ಲ ನೋಡ್ತಾರಾ?"

"ಅವರು ನೋಡಲ್ಲ. ನಾನು ನೋಡಿದೀನಲ್ಲ."

ತಾವೇ ತೆಗೆದ ತುಂಡನ್ನು ಮತ್ತೆ ಇಳಿಸಿ ನಿಧಾನ ತಿರುಗಿಸುತ್ತಾರೆ. ಒಂದು ಕಡೆ ಕಲ್ಲಿಗೆ ಕಲ್ಲು ಎದುರಾಗುತ್ತದೆ. ಅಲ್ಲಿ ತುಂಡಿಗೂ ರಸ್ತೆಗೂ ಸೇರಿಸಿ ಗೆರೆ ಎಳೆದು, ಪುಸ್ತಕದಲ್ಲಿ ಹದಿನಾರು ಎಂದು ಬರೆಯುತ್ತಾರೆ.

"ಬಾಮೈದನ ಅನ್ನಕ್ಕೇ ಕಲ್ಲು ಹಾಕಿದ್ರಲ್ಲ," ಎನ್ನುತ್ತಾನೆ ಮೇಸ್ತ್ರಿ. ಬಾಮೈದ ಗೋಣಿ ಎತ್ತಿಕೊಂಡು ಹಿಂತಿರುಗಿ ನೋಡದೆ ನಡೆಯುತ್ತಾನೆ.

ಬೇರೆಯವರು ಹೇಳುವ ಮೊದಲೇ ತೂತಣ್ಣ ಹೆಂಡತಿಗೆ ಫೋನ್ ಮಾಡುತ್ತಾರೆ. "ಹದಿನಾರು ಬಂತು ಕಣೆ."

"ರಾತ್ರಿ ಊಟಕ್ಕೆ ಅವನನ್ನ ನೀವೇ ಕರ್ಕೊಂಡು ಬನ್ನಿ. ನಾನಂತೂ ಕರೆಯಲ್ಲ," ಎಂದು ಆಕೆ ಫೋನ್ ಇಡುತ್ತಾರೆ.

ಮುಂದಿನ ಗುರುತಿನತ್ತ ಯಂತ್ರ ತಳ್ಳುತ್ತ ತೂತಣ್ಣ ಹೇಳುತ್ತಾರೆ: "ಸನ್ಮಾನ ಗಿನ್ಮಾನ ಯಾರಿಗ್ ಬೇಕು? ಒಂದೇ ಒಂದ್ ದಿನ, ಕೊರೆದಿದ್ದೆಲ್ಲ ಇಪ್ಪತ್ತು ಬರ್ಲಿ. ಅವತ್ತು ಯಾರಿಗೂ ಕೆಟ್ಟವನಾಗ್ದೆ ಮನೆಗೆ ಹೋಗ್ತೀನಿ."