ಲೇಥನ್ನು ತೊಡೆಯ ಮೇಲಿಟ್ಟುಕೊಂಡು ಹಂಪಸಾಗರಕ್ಕೆ

ಕೂಡ್ಲಿಗಿಯಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಕಬ್ಬಿಣ ಕಡೆಯುವ ಒಂದು ಲೇಥ್ ಮಷಿನ್ ಇತ್ತು. ಗೇಣುದ್ದದ್ದು, ಕಬ್ಬಿಣ ಹಿತ್ತಾಳೆಯದ್ದು, ಬ್ಯಾಟರಿ ಹಾಕಿದರೆ ನಿಜವಾಗಿಯೂ ತಿರುಗುವಂಥದ್ದು. ವರ್ಕ್‌ಶಾಪಿನ ಯಂತ್ರಗಳನ್ನು ಹೀಗೆ ಪುಟ್ಟದಾಗಿ ಮಾಡುವುದು ನನ್ನ ಹುಚ್ಚು. ಈ ಲೇಥಿಗೆ ಮಾತ್ರ ಎರಡು ವರ್ಷ ಹಿಡಿಯಿತು. ನೋಡಿ ಮಾಡೋಣವೆಂದರೆ ಮೂಲ ಯಂತ್ರವೇ ಈಗ ಇಲ್ಲ.

ಅದು ಹಗರಿಬೊಮ್ಮನಹಳ್ಳಿಯ ಕೊಟ್ರಪ್ಪ ಮೇಸ್ತ್ರಿಯ ಲೇಥು. ನಾನು ಕೆಲಸ ಕಲಿತದ್ದು ಅದರ ಮೇಲೆ. ಇಪ್ಪತ್ತು ವರ್ಷದ ಹಿಂದೆ ಅವರಿಗೆ ಒಂದು ಮಾತೂ ಹೇಳದೆ ಬಿಟ್ಟುಬಂದು ಕೂಡ್ಲಿಗಿಯಲ್ಲಿ ಸ್ವಂತ ಅಂಗಡಿ ತೆರೆದೆ. ಆಮೇಲೆ ಮುಖ ತೋರಿಸುವ ಧೈರ್ಯವಾಗಲಿಲ್ಲ. ಮೇಸ್ತ್ರಿ ಲೇಥನ್ನು ಗುಜರಿಗೆ ಹಾಕಿ, ಹಂಪಸಾಗರದ ಮಗಳ ಮನೆ ಸೇರಿದ್ದಾರೆಂದು ಕೇಳಿದ್ದೆ. ಅವರ ಬಾಯಿಂದ "ನಮ್ಮ ಲೇಥೇ ಐತಲೇ" ಅನ್ನಿಸಿಕೊಳ್ಳಬೇಕು, ನನ್ನ ಆಸೆ ಅಷ್ಟೇ.

"ಏನ್ರಿ ಅದು, ಹೊಲಿಗಿ ಮಷಿನ್ನೇನು?" ಎಂದ ಕಂಡಕ್ಟರ್. ಲೇಥ್ ಎಂದೆ. "ಲೇಥೂ ಮರಿ ಹಾಕ್ತಾವೇನ್ರಿ ಈಗ!" ಎಂದು ನಕ್ಕು ಮುಂದೆ ಹೋದ.

ಕೊಟ್ಟೂರಿನಲ್ಲಿ ಇಳಿದು ಮಂಡಕ್ಕಿ, ಮಿರ್ಚಿ ತಿಂದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮುಂದಿನ ಬಸ್ಸು ಮುಕ್ಕಾಲು ಗಂಟೆ ಕಾಯಿಸಿತು. ದಾರಿಯುದ್ದಕ್ಕೂ ಮೆಕ್ಕೆಜೋಳ, ಗುಂಡಿ ಬಂದಾಗಲೆಲ್ಲ ಲೇಥನ್ನು ಅವುಚಿಕೊಳ್ಳುತ್ತಿದ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ಬೇಕೆಂದೇ ಮೇಸ್ತ್ರಿಯ ಹಳೆಯ ಅಂಗಡಿಯ ಮುಂದೆ ನಡೆದೆ. ಅಲ್ಲೀಗ ಮೊಬೈಲ್ ರಿಪೇರಿ ಮಾಡುತ್ತಾರೆ. ಎಣ್ಣೆಯ ವಾಸನೆ ಕೂಡ ಉಳಿದಿಲ್ಲ.

ಅಲ್ಲಿಂದ ಶೇರ್ ಆಟೊ ಹಿಡಿದು ಮಧ್ಯಾಹ್ನದ ಹೊತ್ತಿಗೆ ಹಂಪಸಾಗರ ಮುಟ್ಟಿದೆ. ಮೇಸ್ತ್ರಿಯ ಮಗಳು ಶಾಂತಮ್ಮ ಬಾಗಿಲಲ್ಲೇ ಗುರುತು ಹಿಡಿದರು. "ಬರ್ರಿ ನಾಗಪ್ಪಣ್ಣ. ಅಪ್ಪಗ ಕಣ್ಣು ಕಾಣಂಗಿಲ್ಲ ಈಗ. ಕಿವಿ ಮಾತ್ರ ಹಂಗಽ ಅದಾವ."

ಕಟ್ಟೆಯ ಮೇಲೆ ಕುಳಿತಿದ್ದ ಮೇಸ್ತ್ರಿಯ ಪಾದ ಮುಟ್ಟಿ, "ನಾನ್ರೀ, ನಾಗಪ್ಪ" ಎಂದೆ. ಲೇಥನ್ನು ಅವರ ಕೈಗಿಟ್ಟೆ. ಬೆರಳುಗಳು ಅದರ ಮೈಮೇಲೆಲ್ಲ ಹರಿದಾಡಿದವು, ಹಿಡಿಕೆ ತಿರುವಿ ನೋಡಿದವು.

"ಚಾಲೂ ಮಾಡು."

ಮಾಡಿದೆ. ಒಂದಿಷ್ಟೂ ಸದ್ದಿಲ್ಲದೆ ತಿರುಗಿತು. ನನಗೆ ಒಳಗೊಳಗೇ ಹೆಮ್ಮೆ. ಮೇಸ್ತ್ರಿ ಕಿವಿಯ ಹತ್ತಿರ ತಂದರು. ಹುಬ್ಬು ಗಂಟಿಕ್ಕಿತು.

"ಇದು ನಮ್ಮದಲ್ಲ. ಬೆಲ್ಟಿನ ಜಾಯಿಂಟ್ ಎಲ್ಲೈತಲೇ?"

ಅಯ್ಯೋ, ನನ್ನ ಬುದ್ಧಿಗಿಷ್ಟು! ನಾನು ಹಾಕಿದ್ದು ಜಾಯಿಂಟಿಲ್ಲದ ರಬ್ಬರ್ ಬೆಲ್ಟು. ಅವರದು ಚರ್ಮದ್ದು, ಎರಡು ತುದಿ ಸೇರಿಸಿ ತಂತಿಯಲ್ಲಿ ಹೊಲಿದದ್ದು. ಸುತ್ತು ಸುತ್ತಿಗೂ ಆ ಹೊಲಿಗೆ 'ಟಕ್' ಎಂದು ಬಡಿಯುತ್ತಿತ್ತು. ಟಕ್ ನಿಧಾನವಾದರೆ ಸಾಕು, ನಾವು ಕಬ್ಬಿಣವನ್ನು ಹೆಚ್ಚು ಕೆರೆಯುತ್ತಿದ್ದೇವೆಂದು ತಿಳಿದು ಮೇಸ್ತ್ರಿ ಕೂತಲ್ಲಿಂದಲೇ ಬೈಯುತ್ತಿದ್ದರು. ಅಳತೆಯೆಲ್ಲ ನೆನಪಿಟ್ಟ ನಾನು ಅದನ್ನೇ ಮರೆತಿದ್ದೆ.

"ತಪ್ಪಾತ್ರೀ ಮೇಸ್ತ್ರಿ" ಎಂದೆ. ಬೆಲ್ಟಿನ ಬಗ್ಗೆ ಮಾತ್ರ ಹೇಳಿದ್ದಲ್ಲ. ಕಣ್ಣು ತುಂಬಿ ಬಂದಿತ್ತು.

ಶಾಂತಮ್ಮ ರೊಟ್ಟಿ, ಪುಂಡಿ ಪಲ್ಯ ಬಡಿಸಿದರು. ಹೊರಡುವಾಗ ಲೇಥನ್ನು ಅವರ ಪಕ್ಕಕ್ಕಿಟ್ಟು, "ನಿಮ್ಮ ಹತ್ರಾನ ಇರ್ಲಿ ಬಿಡ್ರಿ" ಎಂದೆ.

"ಅರ್ಧಂಬರ್ಧ ಕೆಲ್ಸ ನಾ ಎಂದಾದ್ರೂ ಇಸ್ಕಂಡೀನೇನಲೇ ನಾಗ್ಯಾ? ತಗಂಡು ಹೋಗು. ಸರಿ ಮಾಡ್ಕಂಡು ಬಾ."

ನಾಗ್ಯಾ! ಇಪ್ಪತ್ತು ವರ್ಷದಿಂದ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಲೇಥನ್ನು ಎತ್ತಿಕೊಂಡು ಆಟೊ ಹತ್ತಿದೆ. ಮೇಸ್ತ್ರಿ ಕಟ್ಟೆಯಿಂದಲೇ ಕೂಗಿದರು: "ವರ್ಷಗಟ್ಲೆ ಹಚ್ಚಬ್ಯಾಡಲೇ, ಅಷ್ಟು ದಿನ ನಾ ಇರಂಗಿಲ್ಲ!"

ಮುಂದಿನ ಸೋಮವಾರವೇ ಬರುತ್ತೇನೆಂದು ನಾನೂ ಗಂಟಲು ಹರಿಯುವಂತೆ ಕೂಗಿದೆ. ಆಟೊದ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ.