ಎಲೆ ಇಸ್ಕೊಂಡ ಮೆಕ್ಕೆಜೋಳ

ಕೆಲವು ವರ್ಷಗಳ ಹಿಂದಿನ ಮಾತು. ನಾನಾಗ ತಮಿಳುನಾಡಿನ ತೇನಿ ಜಿಲ್ಲೆಯ ಆಂಡಿಪಟ್ಟಿ ಕಡೆಯ ಒಂದು ನಿಯಂತ್ರಿತ ಮಾರುಕಟ್ಟೆಯಲ್ಲಿ ಸೂಪರಿಂಟೆಂಡೆಂಟ್. ನಿಯಂತ್ರಿತ ಮಾರುಕಟ್ಟೆ ಎಂದರೆ ರೈತ ತನ್ನ ಬೆಳೆ ತಂದು ಸುರಿದು, ಸರ್ಕಾರಿ ತಕ್ಕಡಿಯಲ್ಲಿ ತೂಗಿಸಿ, ನಾಲ್ಕು ಜನ ವ್ಯಾಪಾರಿಗಳ ಎದುರು ಹರಾಜು ಹಾಕಿಸುವ ಅಂಗಳ. ಹೇಳುವುದಕ್ಕೇನೋ ಚೆನ್ನಾಗಿತ್ತು. ನಮ್ಮ ಅಂಗಳದಲ್ಲಿ ಮಾತ್ರ ಆಡುಗಳು ಮಲಗುತ್ತಿದ್ದವು.

ಸುತ್ತಲ ಹಳ್ಳಿಗಳ ಮೆಕ್ಕೆಜೋಳವನ್ನೆಲ್ಲ ಒಬ್ಬರೇ ಮಂಡಿ ಮೊದಲಾಳಿ, ಅಂದರೆ ಮಂಡಿಯ ಯಜಮಾನರು, ಕೊಳ್ಳುತ್ತಿದ್ದರು. ಲಾರಿ ಅವರದು, ತಕ್ಕಡಿ ಅವರದು, ದರವೂ ಅವರದೇ. ಹೊರಗಿನ ವ್ಯಾಪಾರಿ ಬಂದರೆ ಮೂಟೆ ಹೊರಲು ಆಳು ಸಿಗುತ್ತಿರಲಿಲ್ಲ. ಆ ಸಲ ನಾನು ಹಟ ಹಿಡಿದೆ. ದಿಂಡಿಗಲ್, ಒಡ್ಡನ್‌ಛತ್ರಂ ಎಂದು ಚಪ್ಪಲಿ ಸವೆಸಿ, ಕೋಳಿ ಆಹಾರದ ಗಿರಣಿಗಳ ಮೂವರು ಖರೀದಿದಾರರನ್ನು ಒಪ್ಪಿಸಿದೆ. ಆಳುಗಳನ್ನು ಮಾರುಕಟ್ಟೆಯೇ ಗೊತ್ತುಮಾಡಿತು. ಖರೀದಿದಾರರದು ಒಂದೇ ಷರತ್ತು: ಮೊದಲ ದಿನ ಮಾಲು ಸಿಗದಿದ್ದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಮೊದಲ ಹರಾಜಿನ ಬೆಳಗ್ಗೆ ನಾನು ಹೊತ್ತಿಗೆ ಮುಂಚೆಯೇ ಹೊರಟೆ. ಗೇಟಿಗೆ ಬಂದು ನೋಡಿದರೆ ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳು! ಕುಣಿಯಬೇಕು ಅನ್ನಿಸಿತು. ಆದರೆ ಒಂದು ಟ್ರ್ಯಾಕ್ಟರೂ ಒಳಗೆ ಬರಲಿಲ್ಲ. ಖರೀದಿದಾರರು ಒಳಗೆ ಗಡಿಯಾರ ನೋಡುತ್ತಿದ್ದರು.

ಸಾಲಿನ ಮುಂದಿದ್ದದ್ದು ನಾಗಮ್ಮತ್ತೆಯ ಟ್ರ್ಯಾಕ್ಟರು. ಅವರದೂ ನಮ್ಮದೂ ಕನ್ನಡ ಮನೆಮಾತಿನ ಒಕ್ಕಲು ಮನೆತನಗಳು. ಅವರ ಕಾಳು ಒಳಗೆ ಬಂದರೆ ಹಿಂದಿನವರೆಲ್ಲ ಬರುತ್ತಾರೆಂದು ನನಗೆ ಗೊತ್ತಿತ್ತು.

"ಏನತ್ತೆ, ಇಲ್ಲೇ ನಿಂತಿದ್ದೀರಿ?"

"ಎಲೆ ಇಸ್ಕೊಂಡಾಯ್ತು ತಂಬಿ," ಎಂದು ಅವರು ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಬಾಡಿದ ವೀಳ್ಯದೆಲೆ, ಒಂದು ಅಡಿಕೆ. "ನಿನ್ನೆ ಸಂಜೆ ಮೊದಲಾಳಿ ಮನೆಮನೆಗೂ ಕಳ್ಸವ್ರೆ. ವಾಸಲಿಗೆ, ಮನೆ ಬಾಗ್ಲಿಗೆ ಬಂದ ಎಲೆಯ ಬ್ಯಾಡ ಅನ್ನಕ್ಕಾಯ್ತದಾ? ನಿಂಗೂ ಬತ್ತೀವಿ ಅಂದಿದ್ವಲ್ಲ, ಅದ್ಕೆ ಗೇಟಿನವರ್ಗೂ ಬಂದು ನಿಂತಿದೀವಿ."

ನಮ್ಮವರಲ್ಲಿ ನೀಡಿದ ಎಲೆಯನ್ನು ನಿರಾಕರಿಸಿದರೆ ನೀಡಿದವರಿಗೆ ಅವಮಾನ. ಇಸ್ಕೊಂಡರೆ ಮಾತು ಕೊಟ್ಟ ಹಾಗೆ. ಮದುವೆಯೂ ಹೀಗೇ, ವ್ಯಾಪಾರವೂ ಹೀಗೇ. ಸರ್ಕಾರದ ಯಾವ ಆದೇಶವೂ ಆ ಗಂಟಿನ ಮುಂದೆ ನಡೆಯುವಂತಿರಲಿಲ್ಲ. ಮೊದಲಾಳಿಯ ಮೇಲೆ ಸಿಟ್ಟು ಬಂತು, ಅವರ ಚಾಲಾಕಿಗೆ ಒಳಗೊಳಗೇ ಭಲೇ ಅಂತಲೂ ಅನ್ನಿಸಿತು.

"ಕೊಟ್ಟಾಗ ದರ ಹೇಳಿದ್ರಾ?" ಎಂದೆ.

"ಅವ್ರು ಯಾವತ್ತು ಹೇಳವ್ರೆ?" ಎಂದವರು ಕೈಯಲ್ಲಿದ್ದ ಎಲೆಯನ್ನೇ ನೋಡಿದರು. "ಗಂಡಿನ ಹೆಸರು ಹೇಳ್ದೆ ಯಾರಾನ ಮದ್ವೆ ಎಲೆ ಬದಲಾಯಿಸ್ತಾರಾ ತಂಬಿ? ದರ ಹೇಳ್ದೆ ಕೊಟ್ಟಿದ್ದು ಇದೆಂಥ ಎಲೆ?"

ನಾನು ಉತ್ತರ ಕೊಡುವಷ್ಟರಲ್ಲಿ ಅವರು ರಸ್ತೆ ದಾಟಿಯಾಗಿತ್ತು. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಮೊದಲಾಳಿ ಕೂತು ತಮಾಷೆ ನೋಡುತ್ತಿದ್ದರು. ನಾಗಮ್ಮತ್ತೆ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದರು. ದರ ಹೇಳಿದರೆ ಎಲೆ ತನ್ನದು, ಹೇಳದಿದ್ದರೆ ಎಲೆ ಅವರದು ಎಂದು ತಮಿಳಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು.

ಟ್ರ್ಯಾಕ್ಟರಿನವರೆಲ್ಲ ಇಳಿದು ಬಂದು ಸುತ್ತ ನಿಂತರು. ಈಗ ಸಿಕ್ಕಿಬಿದ್ದವರು ಮೊದಲಾಳಿ. ದರ ಹೇಳಿದರೆ ಒಳಗಿರುವ ಗಿರಣಿಯವರಿಗೂ ಕೇಳಿಸುತ್ತದೆ, ಅವರು ಅದಕ್ಕಿಂತ ಏರಿಸುತ್ತಾರೆ. ಹಿರಿಯ ಹೆಂಗಸು ಚಾಚಿದ ಎಲೆಯನ್ನು ಬೇಡವೆಂದರೆ ಊರಲ್ಲಿ ಮುಖ ತೋರಿಸುವಂತಿಲ್ಲ. ಅತ್ತೆ ಕೈ ಇಳಿಸಲಿಲ್ಲ. ಕಡೆಗೆ ಮೊದಲಾಳಿ ಎದ್ದು, ಚಪ್ಪಲಿ ಬಿಟ್ಟು, ಎಲೆ ವಾಪಸು ಇಸ್ಕೊಂಡರು.

ಅಬ್ಬಾ, ಆಮೇಲಿನ ಗದ್ದಲ! ಒಂದೊಂದಾಗಿ ಎಲೆಗಳೆಲ್ಲ ಅವರ ಟವೆಲಿಗೆ ಬಿದ್ದವು. ಟ್ರ್ಯಾಕ್ಟರುಗಳು ನಾಮುಂದು ತಾಮುಂದು ಎಂದು ನುಗ್ಗಿದವು, ಆಡುಗಳು ಓಡಿದವು, ಅಂಗಳವೆಲ್ಲ ಹಳದಿಯಾಯಿತು. ಕಾಳಿನ ತೇವಾಂಶ ಅಳೆಯುವ ಮೀಟರ್ ಹಿಡಿದು ನಾನು ರಾಶಿಯಿಂದ ರಾಶಿಗೆ ಓಡಿದೆ.

ಹರಾಜು ಶುರುವಾದಾಗ ಹಿಂದಿನಿಂದ ಒಂದು ದನಿ ಬಂತು. ನೋಡಿದರೆ ಮೊದಲಾಳಿ! ಜನ್ಮದಲ್ಲೇ ದರ ಬಾಯಿಬಿಟ್ಟು ಹೇಳದವರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ದಿಂಡಿಗಲ್ಲಿನವನು ಏರಿಸಿದ, ಇವರು ಏರಿಸಿದರು, ಅವನು ಮತ್ತೆ ಏರಿಸಿದ. ಪ್ರತಿ ಕೂಗಿಗೂ ಜನ "ಹೋ" ಎಂದರು. ನಾಗಮ್ಮತ್ತೆಯ ರಾಶಿ ಹಿಂದೆಂದೂ ಕಾಣದ ದರಕ್ಕೆ ಕೊನೆಗೆ ಮೊದಲಾಳಿಗೇ ಹೋಯಿತು. ಉಳಿದದ್ದನ್ನು ಗಿರಣಿಯವರು ತುಂಬಿಕೊಂಡು, ಮುಂದಿನ ಹರಾಜು ಯಾವತ್ತು ಎಂದು ಕೇಳಿ ಹೋದರು.

ಕಾನೂನು ತಿಳಿದವನು ನಾನು, ಗೇಟು ತೆರೆದರೆ ಸಾಕು ಅಂದುಕೊಂಡಿದ್ದೆ. ಮಾತಿಗೆ ಕಟ್ಟುಬಿದ್ದವರು ಮರ್ಯಾದೆಯಿಂದ ಬಿಡಿಸಿಕೊಳ್ಳಲು ದಾರಿ ಇದ್ದರೇ ಮಾರುಕಟ್ಟೆ ತೆರೆಯುತ್ತದೆ ಎಂದು ನನ್ನ ಕೆಲಸ ಅವತ್ತು ಕಲಿಸಿತು. ಆ ದಾರಿ ನನ್ನ ಕೈಯಲ್ಲಿರಲಿಲ್ಲ.

ತೂಕ ಮುಗಿದಾಗ ನಾಗಮ್ಮತ್ತೆ ಮೊದಲಾಳಿಯ ಮುಂದೆ ಹೋಗಿ ಸೆರಗು ಒಡ್ಡಿ ನಿಂತರು.

"ದರ ಹೇಳಾಯ್ತಲ್ಲ ಮೊದಲಾಳಿ. ಈಗ ಕೊಡಿ ಎಲೆ."