ದೋಣಿಯವನು ಏನಂದ?

ನಮ್ಮ ದೊಡ್ಡಮ್ಮನಿಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ. ಆದರೆ ಮನೆಯಲ್ಲಿ ಯಾರು ಏನು ಗುಸುಗುಸು ಮಾಡಿದರೂ ಮೊದಲು ಗೊತ್ತಾಗುವುದು ಅವರಿಗೇ. ತುಟಿ ನೋಡಿ ಮಾತು ಹಿಡಿಯುವುದರಲ್ಲಿ ಎತ್ತಿದ ಕೈ. ಮದುವೆಯಾದ ಹೊಸದರಲ್ಲೇ ದೊಡ್ಡಪ್ಪನ ಪೊದೆ ಮೀಸೆ ತೆಗೆಸಿಬಿಟ್ಟರಂತೆ. ಗಂಡನ ತುಟಿಯೇ ಕಾಣದಿದ್ದರೆ ಸಂಸಾರ ಮಾಡುವುದು ಹೇಗೆ? ದೊಡ್ಡಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಆ ಮೀಸೆ ನೆನೆದು ಇವತ್ತಿಗೂ ನಿಟ್ಟುಸಿರು ಬಿಡುತ್ತಾರೆ.

ಮನೆಯ ಮುಂದಿನ ಕೋಣೆಯೇ ಗಂಡ ಹೆಂಡತಿಯ ಬೈಂಡಿಂಗ್ ಅಂಗಡಿ. ದೊಡ್ಡಪ್ಪ ರಟ್ಟು ಕತ್ತರಿಸುತ್ತಾರೆ, ದೊಡ್ಡಮ್ಮ ಹಾಳೆ ಮಡಚಿ ಹೊಲಿಯುತ್ತಾರೆ. ಸೂಜಿ ಕೆಳಗಿಟ್ಟರೆ ಸಾಕು, ಬೆರಳಿನ ಅಂಟು ಒಣಗುವ ಮೊದಲೇ ಅವರ ಕೈಮಾತು ಶುರು. ಅದರಲ್ಲಿ ಅರ್ಧಕ್ಕರ್ಧ ಸಿನಿಮಾ ಸುದ್ದಿ. ಉಳಿದರ್ಧದಲ್ಲಿ ನಮಗೆಲ್ಲ ಬೈಗುಳ.

ದೊಡ್ಡಮ್ಮನ ತಲೆ ಕೊರೆದದ್ದು ಒಂದೇ ಒಂದು ಸಿನಿಮಾ. ಮದುವೆ ಗೊತ್ತಾದ ಮೇಲೆ ಇಬ್ಬರೂ ಜೊತೆಯಾಗಿ ನೋಡಿದ ಮೊದಲ ಚಿತ್ರ. ನಡುವಿನ ಸೀಟಿನಲ್ಲಿ ಕಾವಲಿಗೆ ಅಜ್ಜಿ. ವಾರ ತುಂಬುವುದರೊಳಗೆ ಆ ಚಿತ್ರ ಮಕಾಡೆ ಮಲಗಿತು. ಅದರ ಕೊನೆಯಲ್ಲಿ, ಊರು ಬಿಟ್ಟು ಹೊರಟ ನಾಯಕಿ ಅಳುತ್ತಾ ನದಿಯ ದಡದಲ್ಲಿ ನಿಂತಿರುತ್ತಾಳೆ. ದೋಣಿ ನಡೆಸುವ ನಾಯಕ ಬಂದು ಅವಳೆದುರು ನಿಲ್ಲುತ್ತಾನೆ, ನಮಗೆ ಬೆನ್ನು ಹಾಕಿ. ಅವಳ ಮುಖ ನಿಧಾನಕ್ಕೆ ಅರಳುತ್ತದೆ, ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಡುತ್ತಾಳೆ. ಮುಗಿಯಿತು. ಅವನು ಅವಳಿಗೆ ಏನಂದ? ಬೆನ್ನಿಗೆ ತುಟಿ ಇಲ್ಲವಲ್ಲ!

ಥಿಯೇಟರಿನ ಬಾಗಿಲಲ್ಲೇ ದೊಡ್ಡಮ್ಮ ಸನ್ನೆ ಮಾಡಿ ಕೇಳಿದರಂತೆ. ಆಗಿನ್ನೂ ಕೈಮಾತು ಬಾರದ ದೊಡ್ಡಪ್ಪ ಟಿಕೆಟಿನ ಹಿಂದೆ ಬರೆದು ತೋರಿಸಿದರು: ‘ನೀನಿಲ್ಲದೆ ನನ್ನಿಂದಾಗದು ಅಂದ.’ ಅಜ್ಜಿ ಅದಕ್ಕೆ ಒಪ್ಪಲಿಲ್ಲ. “ಸುಳ್ಳು, ನಿಮ್ಮಪ್ಪ ಮದುವೆಗೆ ಒಪ್ಪಿದಾರೆ ಅಂದ.” ಇವರೊಂದು, ಅವರೊಂದು. ಬೇರೆ ಯಾರನ್ನಾದರೂ ಕೇಳೋಣವೆಂದರೆ ಆ ಚಿತ್ರ ನೋಡಿದವರೇ ಇಲ್ಲ. ಕ್ಯಾಸೆಟ್ ಬಂತು ಹೋಯಿತು, ಡಿಸ್ಕ್ ಬಂತು, ಆ ಸಿನಿಮಾ ಮಾತ್ರ ಬರಲಿಲ್ಲ. ದೊಡ್ಡಮ್ಮ ಪಟ್ಟು ಬಿಡಲಿಲ್ಲ.

“ಆ ಡಬ್ಬಾ ಸಿನಿಮಾನ ಯಾರು ಹೊರಗೆ ತರ್ತಾರೆ? ಬಿಟ್ಟಾಕು,” ಎಂದು ದೊಡ್ಡಪ್ಪ ಗೊಣಗುತ್ತಿದ್ದರು.

ಪೇಟೆಯ ಡಿಸ್ಕ್ ಅಂಗಡಿಯಲ್ಲಿ ಶನಿವಾರ ಸಂಜೆ ಸಿನಿಮಾ ಹುಚ್ಚರ ಸಂತೆ. ಯಾರಿಗೂ ಬೇಡವಾದ ಒಂದೊಂದು ಹಳೆಯ ಚಿತ್ರವನ್ನು ಒಬ್ಬೊಬ್ಬರು ಎದೆಗವಚಿಕೊಂಡವರು. ಹಳೆಯ ಚಿತ್ರಗಳ ಡಿಸ್ಕ್ ಮಾಡುವ ಕಂಪನಿಯೊಂದು, ಮುಂದೆ ಯಾವುದನ್ನು ತರಲಿ ಎಂದು ಅಂಗಡಿಯವನನ್ನು ಕೇಳಿತ್ತು. ಸರಿ, ನನ್ನದು ಮೊದಲು, ನನ್ನದು ಮೊದಲು ಎಂದು ಕಿತ್ತಾಟ. ದೊಡ್ಡಮ್ಮನ ಜೊತೆಗೆ ಹೋಗಿದ್ದ ನಾನು ಮೂಲೆ ಹಿಡಿದೆ. ದೊಡ್ಡಮ್ಮ ಎಲ್ಲರನ್ನೂ ಪಕ್ಕಕ್ಕೆ ಸರಿಸಿ ನಡುವೆ ನಿಂತರು. ದೋಣಿ ಹುಟ್ಟು ಹಾಕಿದರು, ನದಿಯಾದರು, ನಾಯಕಿಯಾಗಿ ಅತ್ತರು. ಕೊನೆಗೆ ನಾಯಕನಾಗಿ ನಮಗೆ ಬೆನ್ನು ಹಾಕಿ ನಿಂತುಬಿಟ್ಟರು.

ನಾನು ಅದನ್ನೆಲ್ಲ ನೂರು ಸಲ ನೋಡಿದವಳು. ಆದರೂ ಮೈ ಜುಮ್ಮೆಂದಿತು.

“ಆಮೇಲೆ? ಏನಂದ ಅವ್ನು?” ಎಂದು ಅಂಗಡಿಯವನೇ ಕೂಗಿದ. ದೊಡ್ಡಮ್ಮ ಇತ್ತ ತಿರುಗಿ ಎರಡೂ ಕೈ ಚೆಲ್ಲಿದರು. ಯಾರಿಗೆ ಗೊತ್ತು!

ಅಲ್ಲಿಗೆ ಜಗಳ ಮುಗಿಯಿತು. ಈಗ ಎಲ್ಲರಿಗೂ ಅದೇ ಚಿತ್ರ ಬೇಕು. “ಆಡಿದ ಮಾತೆಲ್ಲ ಕೆಳಗೆ ಅಕ್ಷರದಲ್ಲಿ ಬರ್ಬೇಕು, ಸಣ್ಣ ಸದ್ದೂ ಬಿಡೋ ಹಾಗಿಲ್ಲ ಅಂತ ಹೇಳ್ತೀನಮ್ಮ,” ಎಂದು ಅಂಗಡಿಯವನು ದೊಡ್ಡಮ್ಮನಿಗೆ ಕಾಣುವಂತೆ ತುಟಿ ಬಿಡಿಸಿ ಮಾತು ಕೊಟ್ಟ.

ಮಾತು ಉಳಿಸಿಕೊಂಡ, ಪುಣ್ಯಾತ್ಮ. ಡಿಸ್ಕ್ ಬಂದ ದಿನ ಬೈಂಡಿಂಗ್ ಅಂಗಡಿಗೆ ಬೀಗ ಹಾಕಿ ಎಲ್ಲರೂ ಟಿ.ವಿ. ಮುಂದೆ ಕೂತೆವು. ದೊಡ್ಡಪ್ಪನದು ಮಾತ್ರ ಬೇರೆ ರಾಗ. ಪ್ಲೇಯರ್ ಕೆಟ್ಟಿದೆ ಅಂದರು, ಕೆಟ್ಟಿರಲಿಲ್ಲ. ತಲೆನೋವು ಅಂದರು, ಅಜ್ಜಿ ಮಾತ್ರೆ ಕೊಟ್ಟರು. ಅದನ್ನು ನುಂಗಿ ಕೂತರು.

ನದಿಯ ದಡ ಬಂತು. ನಾಯಕ ಬೆನ್ನು ಹಾಕಿ ನಿಂತ. ದೊಡ್ಡಮ್ಮ ಟಿ.ವಿ. ಹತ್ತಿರಕ್ಕೆ ಸರಿದು ಕೂತರು. ಪರದೆಯ ಕೆಳಗೆ ಅಕ್ಷರ ಮೂಡಿತು: ‘ಗಾಳಿಯ ಸದ್ದು.’ ನಾಯಕಿಯ ಮುಖ ಅರಳಿತು, ಪೆಟ್ಟಿಗೆ ಕೆಳಗಿಳಿಯಿತು, ಚಿತ್ರ ಮುಗಿಯಿತು.

ದೊಡ್ಡಮ್ಮ ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ಗಾಳಿಯ ಸದ್ದು, ಅಷ್ಟೇ. ನನ್ನತ್ತ ತಿರುಗಿ ಕೈಯಾಡಿಸಿದರು: “ನಿಜವಾಗ್ಲೂ ಏನೂ ಅನ್ಲಿಲ್ವೇನೇ?”

“ಇಲ್ಲ ದೊಡ್ಡಮ್ಮ. ತುಟಿ ಪಿಟಕ್ ಅನ್ಲಿಲ್ಲ.”

“ನಂಗಾಗ ಸ್ವಲ್ಪ ಜೊಂಪು ಹತ್ತಿತ್ತೋ ಏನೋ,” ಎಂದು ಅಜ್ಜಿ ಸೆರಗು ಸರಿಮಾಡಿಕೊಂಡರು.

ದೊಡ್ಡಮ್ಮ ಗಂಡನ ಕಡೆ ನೋಡಿದರು. ದೊಡ್ಡಪ್ಪ ಇಂಗು ತಿಂದ ಮಂಗನ ಹಾಗೆ ಕೂತಿದ್ದರು.

“ಅವ್ನು ಏನೂ ಹೇಳಿಲ್ಲ. ಹಾಗಾದ್ರೆ ‘ನೀನಿಲ್ಲದೆ ನನ್ನಿಂದಾಗದು’ ಅಂದಿದ್ದು ಯಾರು?” ಎಂದವು ದೊಡ್ಡಮ್ಮನ ಕೈಗಳು.

ದೊಡ್ಡಪ್ಪ ತಮ್ಮ ಎದೆ ಮುಟ್ಟಿ ತೋರಿಸಿದರು. “ನಾನೇ. ನೇರ ಹೇಳೋಕೆ ಹೆದರಿಕೆ ಆಯ್ತು. ಅಮ್ಮ ಬೇರೆ ಪಕ್ಕದಲ್ಲೇ ಇದ್ರು. ಅದಕ್ಕೇ ಅವನ ಹೆಸರಲ್ಲಿ ಹೇಳ್ದೆ.”

ದೊಡ್ಡಮ್ಮ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ. ನನಗೂ ಖುಷಿ ತಡೆಯಲಾಗಲಿಲ್ಲ. ಆಮೇಲೆ ದೊಡ್ಡಮ್ಮ ಕಣ್ಣೊರೆಸಿಕೊಂಡು ದೊಡ್ಡಪ್ಪನ ಗಲ್ಲ ಹಿಡಿದು ತಮ್ಮತ್ತ ತಿರುಗಿಸಿದರು. “ಈಗ ಮುಖ ಈ ಕಡೆ ಮಾಡಿ, ಬಾಯಿ ಬಿಟ್ಟು ಹೇಳಿ,” ಎಂದು ಕೈಯಾಡಿಸಿದರು.

ದೊಡ್ಡಪ್ಪ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ನಾವೆಲ್ಲ ಕೇಳಿಸಿಕೊಂಡೆವು. ಈ ಸಲ ಅಜ್ಜಿಯೂ ಎಚ್ಚರವಾಗಿದ್ದರು.